ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 16 ವರ್ಷದೊಳಗಿನವರಿಗೆ ಚಿತ್ರಮಂದಿರ ನಿಷೇಧಿಸಿದ್ದು ಯಾಕೆ?

ನೆಪ ಬೆಂಕಿ, ಒತ್ತಡ ನೈತಿಕತೆಯದು.

1927ರ ಜನವರಿ 9, ಭಾನುವಾರ ಮಧ್ಯಾಹ್ನ. ಕ್ವಿಬೆಕ್‌ನ ಮಾಂಟ್ರಿಯಲ್ ನಗರದ ಲಾರಿಯೆ ಪ್ಯಾಲೇಸ್ ಚಿತ್ರಮಂದಿರದಲ್ಲಿ ಬೆಂಕಿ ಕಾಣಿಸಿಕೊಂಡು 78 ಮಕ್ಕಳು ಸತ್ತರು. ಬೆಂಕಿಗೆ ನೇರವಾಗಿ ಬಲಿಯಾದವರು ತೀರಾ ಕಡಿಮೆ. ಬಾಲ್ಕನಿಯಿಂದ ಇಳಿಯುವ ಇಕ್ಕಟ್ಟಾದ ಮೆಟ್ಟಿಲಲ್ಲಿ ಮುಂದಿನವರು ಬಿದ್ದರು, ಹಿಂದಿನವರು ಅವರ ಮೇಲೆ ಬಿದ್ದರು. ಹೆಚ್ಚಿನವರು ಉಸಿರುಕಟ್ಟಿಯೇ ಸತ್ತದ್ದು. ಅಂದರೆ ತಪ್ಪಿದ್ದದ್ದು ಕಟ್ಟಡದಲ್ಲಿ ಮತ್ತು ಮೇಲ್ವಿಚಾರಣೆಯಲ್ಲಿ. ದೊಡ್ಡವರು ಜೊತೆಗಿಲ್ಲದೆ 16ರೊಳಗಿನವರನ್ನು ಬಿಡಬಾರದೆಂಬ ನಿಯಮ ಆಗಲೇ ಇತ್ತು, ಯಾರೂ ಪಾಲಿಸುತ್ತಿರಲಿಲ್ಲ.

ಆದರೆ ಅಲ್ಲಿನ ಕ್ಯಾಥೊಲಿಕ್ ಚರ್ಚ್ ಸಿನಿಮಾವನ್ನು, ಅದರಲ್ಲೂ ಭಾನುವಾರದ ಪ್ರದರ್ಶನವನ್ನು ಮೊದಲಿನಿಂದಲೂ ವಿರೋಧಿಸುತ್ತಿತ್ತು. ಸಿನಿಮಾ ಮಕ್ಕಳ ನಡತೆ ಕೆಡಿಸುತ್ತದೆ ಎಂಬ ವಾದಕ್ಕೆ ದುರಂತ ಬಲ ಕೊಟ್ಟಿತು. 1928ರ ಕಾನೂನು ದೊಡ್ಡವರು ಜೊತೆಗಿದ್ದರೂ ಮಕ್ಕಳನ್ನು ಬಿಡಬಾರದು ಎಂದಿತು. ಬಾಗಿಲು, ಮೆಟ್ಟಿಲುಗಳ ಸುರಕ್ಷತೆಯಷ್ಟೇ ಪ್ರಶ್ನೆಯಾಗಿದ್ದರೆ ಇಷ್ಟು ದೂರ ಹೋಗಬೇಕಿರಲಿಲ್ಲ.

ಇದಕ್ಕೆ ಒಳ್ಳೆಯ ಹೋಲಿಕೆ ಸ್ಕಾಟ್ಲೆಂಡಿನ ಪೇಸ್ಲಿ. 1929ರ ಡಿಸೆಂಬರ್ 31ರಂದು ಗ್ಲೆನ್ ಸಿನಿಮಾದಲ್ಲಿ ಫಿಲಂ ಡಬ್ಬಿಯೊಂದು ಹೊಗೆಯುಗುಳಿತು. ಆ ಕಾಲದ ನೈಟ್ರೇಟ್ ಫಿಲಂ ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ನೀರಿಗೂ ಬಗ್ಗುವುದಿಲ್ಲ, ಹೊಗೆಯೂ ವಿಷ. ಗಾಬರಿಯಿಂದ ಓಡಿದ ಮಕ್ಕಳಿಗೆ ಹೊರದಾರಿಯ ಗೇಟು ತೆರೆಯಲಿಲ್ಲ. ನೂಕುನುಗ್ಗಲಲ್ಲಿ 71 ಮಕ್ಕಳು ಸತ್ತರು. ಬ್ರಿಟನ್ ಬಿಗಿ ಮಾಡಿದ್ದು ಬಾಗಿಲುಗಳ ನಿಯಮವನ್ನು: ಹೊರಕ್ಕೆ ತೆರೆಯಬೇಕು, ತಳ್ಳಿದರೆ ಸಾಕು ಎನ್ನುವಂಥ ಅಡ್ಡಪಟ್ಟಿ ಇರಬೇಕು. ಮಕ್ಕಳ ಶನಿವಾರದ ಪ್ರದರ್ಶನಗಳು ಮುಂದುವರಿದವು.

ಕ್ವಿಬೆಕ್ ಮಾತ್ರ 1961ರಲ್ಲಿ ನಿಷೇಧ ಸಡಿಲಿಸಿ, 1967ರಲ್ಲಿ ವಯಸ್ಸಿಗೆ ತಕ್ಕ ವರ್ಗೀಕರಣಕ್ಕೆ ಬಂತು.