ಎಣ್ಣೆ ಹೊಡೆಯುವ ಪಂಪಿನ ಮಾಸ್ಫೆಟ್ ಏಕೆ ಸುಡುತ್ತದೆ?

ಪ್ರಶ್ನೆ: ಭತ್ತಕ್ಕೆ ಎಣ್ಣೆ ಹೊಡೆಯುವ ಬ್ಯಾಟರಿ ಪಂಪಿನ 12 ವೋಲ್ಟ್ ಮೋಟಾರಿನ ವೇಗ ತಗ್ಗಿಸಲು ಆರ್ಡುಯಿನೊ ನ್ಯಾನೊ (ಪುಟ್ಟ ಕಂಟ್ರೋಲರ್ ಬೋರ್ಡ್), ಐಆರ್‌ಎಫ್‌ಜೆಡ್44ಎನ್ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್), 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿ) ಜೋಡಿಸಿದ್ದೇನೆ. ಮೋಟಾರು ಸುಮಾರು 3 ಆಂಪಿಯರ್ ಎಳೆಯುತ್ತದೆ. ಹತ್ತು ನಿಮಿಷಕ್ಕೆ ಮಾಸ್ಫೆಟ್ ಮುಟ್ಟಲಾಗದಷ್ಟು ಕಾಯುತ್ತದೆ. ಎರಡು ಸುಟ್ಟುಹೋದವು. 49 ಆಂಪಿಯರಿನದು 3ಕ್ಕೇ ಸೋಲುವುದೇಕೆ?
– ಓದುಗರು, ಸಿಂಧನೂರು

ಉತ್ತರ: ಆ 49 ಆಂಪಿಯರ್, ಗೇಟಿಗೆ (ಸ್ವಿಚ್ ತೆರೆಸುವ ಕಾಲಿಗೆ) 10 ವೋಲ್ಟ್ ಕೊಟ್ಟು ಮೈಯನ್ನು 25 ಡಿಗ್ರಿಯಲ್ಲೇ ಇಟ್ಟಾಗಿನ ಲೆಕ್ಕ. ನ್ಯಾನೊ ಕೊಡುವುದು 5 ವೋಲ್ಟ್. ಈ ಮಾಸ್ಫೆಟ್ ತೆರೆಯಲು ಶುರುವಾಗುವುದೇ 2ರಿಂದ 4 ವೋಲ್ಟಿನ ನಡುವೆ, ಒಂದೊಂದು ಬಿಡಿಗೆ ಒಂದೊಂದು ಥರ. ಪಕ್ಕದ ಹೊಲದವರದು ಓಡಿ ನಿಮ್ಮದು ಸುಡಬಹುದು. ಅರೆಬರೆ ತೆರೆದಾಗ ರೋಧ ಉಳಿದು, ಅದೆಲ್ಲ ಶಾಖವಾಗುತ್ತದೆ.

ಐಆರ್‌ಎಲ್‌ಜೆಡ್44ಎನ್ ಹಾಕಿ. ಮೂರನೆಯ ಅಕ್ಷರ ನೋಡಿಯೇ ಕೊಳ್ಳಿ, ಎಫ್ ಅಲ್ಲ, ಎಲ್. 5 ವೋಲ್ಟಿಗೆ ಇದರ ರೋಧ ಹೆಚ್ಚೆಂದರೆ 0.025 ಓಮ್, 3 ಆಂಪಿಯರಿಗೆ ಕಾಲು ವ್ಯಾಟ್ ಕೂಡ ಶಾಖವಿಲ್ಲ, ಹೀಟ್‌ಸಿಂಕ್ ಬೇಡ. ಟಿಐಪಿ122 ಟ್ರಾನ್ಸಿಸ್ಟರ್ ಹಾಕಿ ಎನ್ನುವವರ ಮಾತು ಕೇಳಬೇಡಿ: ಅದರಲ್ಲಿ 2 ವೋಲ್ಟಿನವರೆಗೂ ಬಿದ್ದು 6 ವ್ಯಾಟ್ ಬೆಂಕಿಗೆ ಹೋಗುತ್ತದೆ.

ಡಯೋಡೂ ತಪ್ಪು. ವೇಗ ತಗ್ಗಿಸಲು ನ್ಯಾನೊ ಮಾಸ್ಫೆಟ್ಟನ್ನು ಪದೇ ಪದೇ ತೆರೆದು ಮುಚ್ಚುತ್ತದೆ. ಮಾಸ್ಫೆಟ್ ಮುಚ್ಚಿದಾಗಲೆಲ್ಲ ಮೋಟಾರಿನ ಕರೆಂಟು ಡಯೋಡಿನಲ್ಲಿ ಸುತ್ತುತ್ತದೆ. 1ಎನ್4007 ಒಂದೇ ಆಂಪಿಯರಿನದು, ಮೇಲಾಗಿ ನಿಧಾನ. ಅದು ಮುಚ್ಚಿಕೊಳ್ಳುವ ಮೊದಲೇ ಮಾಸ್ಫೆಟ್ ತೆರೆದರೆ, ಆ ಗಳಿಗೆ ಬ್ಯಾಟರಿ ನೇರ ಶಾರ್ಟ್. ನ್ಯಾನೊದ ಪಿನ್ 9ರಲ್ಲಿ ಇದು ಸೆಕೆಂಡಿಗೆ ಸುಮಾರು 490 ಸಲ. ಎಸ್‌ಬಿ560 ಶಾಟ್ಕಿ (ವೇಗದ) ಡಯೋಡನ್ನು ಮೋಟಾರಿನ ಎರಡು ತುದಿಗೇ ಬೆಸೆಯಿರಿ, ಪಟ್ಟಿಯಿರುವ ಬದಿ ಬ್ಯಾಟರಿ ಪ್ಲಸ್ಸಿಗೆ.

ಪಿನ್ನಿನಿಂದ ಗೇಟಿಗೆ 150 ಓಮ್ ರೆಸಿಸ್ಟರ್, ಗೇಟಿನಿಂದ ಸೋರ್ಸಿಗೆ (ಬ್ಯಾಟರಿ ಮೈನಸ್ ಕಡೆಯ ಕಾಲು) 10 ಕಿಲೋಓಮ್ ರೆಸಿಸ್ಟರ್ ಹಾಕಿ. ಈ 10 ಕಿಲೋಓಮ್ ಇಲ್ಲದಿದ್ದರೆ ನ್ಯಾನೊ ಆನ್ ಆಗುವ ಮುಂಚೆ ಮೋಟಾರು ತಾನಾಗಿಯೇ ತಿರುಗೀತು. ನ್ಯಾನೊ ಗ್ರೌಂಡ್, ಸೋರ್ಸ್, ಬ್ಯಾಟರಿ ಮೈನಸ್ ಒಂದೇ ಕಡೆ ಸೇರಬೇಕು. ಪ್ಲಸ್ಸಿಗೆ 5 ಆಂಪಿಯರ್ ಫ್ಯೂಸ್. ಮಾಸ್ಫೆಟ್ ಬೆನ್ನಿನ ತಗಡು ಡ್ರೈನ್‌ಗೆ (ಮೋಟಾರಿನ ಕಡೆಯ ಕಾಲು) ಕೂಡಿರುತ್ತದೆ, ಪಂಪಿನ ಕಬ್ಬಿಣಕ್ಕೆ ತಾಗಿಸಬೇಡಿ.

ಮೊದಲು ಮೋಟಾರಿನ ಬದಲು ಬೈಕಿನ 35 ವ್ಯಾಟ್ ಬಲ್ಬ್ ಹಚ್ಚಿ ನೋಡಿ, ಅದೂ ಸುಮಾರು 3 ಆಂಪಿಯರೇ. ಪೂರ್ಣ ವೇಗದಲ್ಲಿಟ್ಟು ಡ್ರೈನ್, ಸೋರ್ಸ್ ನಡುವೆ ಮೀಟರ್ ಹಿಡಿದರೆ 0.1 ವೋಲ್ಟ್ ಆಸುಪಾಸು ಬರಬೇಕು. ಅರ್ಧ ವೋಲ್ಟ್ ದಾಟಿತೋ, ಮಾಸ್ಫೆಟ್ ನಕಲಿ ಅಥವಾ ಗೇಟಿಗೆ 5 ವೋಲ್ಟ್ ಮುಟ್ಟುತ್ತಿಲ್ಲ.

ಪ್ರಶ್ನೆ: ಇದೇ ಸರ್ಕ್ಯೂಟಿನಿಂದ ಮನೆಯ ಕೂಲರ್ ಫ್ಯಾನಿನ ವೇಗ ತಗ್ಗಿಸಬಹುದೇ?
– ಓದುಗರು, ರಾಯಚೂರು

ಉತ್ತರ: ಆಗದು. ಅದು 230 ವೋಲ್ಟ್ ಎಸಿ. ಕೂಲರಿನ ಮೋಟಾರಿಗೆ ಹೊಂದುವ ಸಿದ್ಧ ರೆಗ್ಯುಲೇಟರ್ ಹಾಕಿಸಿ.