ಕೊಳ್ಳುವವರು ಹೇಳಿದ ಹಾಗೆಲ್ಲ ಪ್ಯಾಕ್ ಮಾಡಿ ಕಳಿಸಬೇಕಾ?

ನೀವು ಕೇಳಿರುವುದು ಇಷ್ಟು. ಚಿತ್ರದುರ್ಗದಲ್ಲಿ ಕೂತು ಹಳೇ ಅಂಚೆಚೀಟಿ, ಫಸ್ಟ್ ಡೇ ಕವರ್ (ಹೊಸ ಚೀಟಿ ಬಿಡುಗಡೆಯಾದ ದಿನದ ಮುದ್ರೆ ಇರುವ ಲಕೋಟೆ), ಬೆಂಕಿಪೊಟ್ಟಣದ ಲೇಬಲ್ ಎಲ್ಲ ಆನ್‌ಲೈನ್‌ನಲ್ಲಿ ಮಾರುತ್ತಿದ್ದೀರಿ. ಒಬ್ಬರು ಡಬ್ಬದೊಳಗೆ ಡಬ್ಬ ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಟೇಪ್ ಮುಟ್ಟಿಸಲೇಬೇಡಿ ಅನ್ನುತ್ತಾರೆ. ಮತ್ತೊಬ್ಬರಿಗೆ ಕವರ್ ಮೇಲೆ ಚೆಂದದ ಸ್ಟ್ಯಾಂಪೇ ಅಂಟಿಸಿರಬೇಕು. ಎಲ್ಲರ ಮಾತು ಕೇಳಿದರೆ ಕೈಗೆ ಏನೂ ಉಳಿಯಲ್ಲ, ಕೇಳದಿದ್ದರೆ ರೇಟಿಂಗ್ ಬೀಳುತ್ತೆ. ಏನು ಮಾಡಲಿ ಅಂತ.

ನಾನು ದಾವಣಗೆರೆಯವನು. ನಿಮ್ಮ ಸಾಮಾನೇ ನನ್ನದೂ. ಜೊತೆಗೆ ಗ್ರಾಮಫೋನ್ ರೆಕಾರ್ಡು, ನಾಟಕ ಕಂಪನಿಗಳ ಹಳೇ ಹ್ಯಾಂಡ್‌ಬಿಲ್ಲು ಮಾರುತ್ತೇನೆ. ಇಂಥ ಮೆಸೇಜ್ ಬಂದ ಕೂಡಲೇ ಆಯ್ತು ಅನ್ನಬೇಡಿ, ಆಗಲ್ಲ ಅಂತಲೂ ಅನ್ನಬೇಡಿ. ‘ಯಾಕೆ ಸಾರ್, ಹಿಂದೆ ಏನಾದ್ರೂ ತೊಂದರೆ ಆಗಿತ್ತಾ?’ ಅಂತ ಒಂದು ಮಾತು ಕೇಳಿ. ಪ್ಯಾಕಿಂಗ್ ಬಗ್ಗೆ ಉದ್ದುದ್ದ ಬರೆಯುವವರಲ್ಲಿ ಹೆಚ್ಚಿನವರು ಎಲ್ಲೋ ಒಂದು ಸಲ ಪೆಟ್ಟು ತಿಂದವರು. ಔಷಧಿ ಅಂಗಡಿಗೆ ಬಂದು ಮಾತ್ರೆ ಹೆಸರಷ್ಟೇ ಹೇಳುವವರಿರುತ್ತಾರಲ್ಲ, ಹಾಗೆ. ಕಾಯಿಲೆ ಏನು ಅಂತ ನಾವೇ ಕೇಳಿ ತಿಳಿದುಕೊಳ್ಳಬೇಕು.

ಟೇಪಿನ ವಿಷಯವನ್ನೇ ನೋಡಿ. ಟೇಪ್ ಬೇಡವೇ ಬೇಡ ಅಂದವರೊಬ್ಬರನ್ನು ಕೇಳಿದೆ. ಹಿಂದೆ ಯಾರೋ ಅಂಚೆಚೀಟಿಯ ಸಣ್ಣ ಪ್ಲಾಸ್ಟಿಕ್ ಪೌಚಿನ ಬಾಯಿಗೇ ಸೆಲೋ ಟೇಪ್ ಹೊಡೆದು ಕಳಿಸಿದ್ದರಂತೆ. ಬಿಡಿಸಿ ಚೀಟಿ ಎಳೆಯುವಾಗ ಅದರ ಅಂಚಿನ ಹಲ್ಲು ಟೇಪಿಗೆ ಹತ್ತಿಕೊಂಡು ಒಂದು ಮೂಲೆ ಹೋಯಿತು. ಅಂದರೆ ಅವರಿಗೆ ಬೇಡವಾಗಿದ್ದುದು ಚೀಟಿ ಹೊರಗೆ ಬರುವ ದಾರಿಯಲ್ಲಿ ಅಂಟು. ಹೊರಗಿನ ಲಕೋಟೆಗೆ ಎಷ್ಟು ಟೇಪ್ ಸುತ್ತಿದರೂ ಅವರಿಗೆ ಚಿಂತೆಯಿಲ್ಲ. ಈಗ ನಾನು ಪೌಚಿನ ಬಾಯಿ ಸುಮ್ನೆ ಹಿಂದಕ್ಕೆ ಮಡಚಿ, ರಟ್ಟಿನ ನಡುವೆ ಸಿಕ್ಕಿಸುತ್ತೇನೆ. ಟೇಪ್ ಬೀಳುವುದು ರಟ್ಟಿನ ಮೇಲೆ ಮಾತ್ರ. ಅದರ ತುದಿಯನ್ನೂ ಸ್ವಲ್ಪ ಒಳಕ್ಕೆ ಮಡಚಿ ಬಿಡುತ್ತೇನೆ. ಉಗುರಲ್ಲಿ ಹಿಡಿದು ಎಳೆದರೆ ಬಂದುಬಿಡುತ್ತೆ, ಬ್ಲೇಡ್ ಹಾಕುವ ಪ್ರಮೇಯವೇ ಇಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಈಗ ಯಾರೂ ಕೇಳದಿದ್ದರೂ ಎಲ್ಲರಿಗೂ ಹೀಗೇ ಮಾಡುತ್ತೇನೆ.

ಕೆಲವು ಕೋರಿಕೆ ಮೊದಲ ಸಲ ಕೇಳಿದಾಗ ವಿಚಿತ್ರ ಅನಿಸುತ್ತೆ. ಎಲ್‌ಪಿ ರೆಕಾರ್ಡ್ ಕೊಳ್ಳುವವರು ‘ರೆಕಾರ್ಡನ್ನು ಜಾಕೆಟ್‌ನಿಂದ ಹೊರಗೆ ತೆಗೆದು ಕಳಿಸಿ’ ಅನ್ನುತ್ತಾರೆ. ಜಾಕೆಟ್ ಅಂದರೆ ಹೊರಗಿನ ರಟ್ಟಿನ ಕವರ್, ಅದು ಇರುವುದೇ ರೆಕಾರ್ಡ್ ಕಾಪಾಡಲಿಕ್ಕೆ ಅಲ್ವಾ? ಆದರೆ ಅವರು ಹೇಳುವುದು ಸರಿ. ಪಾರ್ಸೆಲ್ಲನ್ನು ಎತ್ತಿ ಹಾಕಿದಾಗ ಒಳಗಿನ ರೆಕಾರ್ಡ್ ಜಾರಿ, ಅದರ ಅಂಚು ಜಾಕೆಟ್ಟಿನ ಅಂಟಿಸಿದ ಅಂಚಿಗೆ ಬಡಿಯುತ್ತೆ. ರಟ್ಟು ಸೀಳುತ್ತೆ. ಹಳೇ ಕನ್ನಡ ಸಿನಿಮಾ ರೆಕಾರ್ಡಿನಲ್ಲಿ ಹಾಡಿಗಿಂತ ಜಾಕೆಟ್ಟಿನ ಚಿತ್ರಕ್ಕೇ ದುಡ್ಡು ಕೊಡುವವರು ಬೇಕಾದಷ್ಟು ಜನ. ಅದಕ್ಕೆ ರೆಕಾರ್ಡನ್ನು ಅದರ ಪೇಪರ್ ಚೀಲದ ಸಮೇತ ಹೊರಗೆ ತೆಗೆದು, ಜಾಕೆಟ್ಟಿನ ಹಿಂದೆ ಇಟ್ಟು, ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಬೇಕು. ಸೀಲ್ ಒಡೆಯದ ಹೊಸ ರೆಕಾರ್ಡ್ ಆಗಿದ್ದರೆ ಮಾತ್ರ ಮುಟ್ಟಬೇಡಿ. ಅಲ್ಲಿ ಸೀಲಿಗೇ ಬೆಲೆ.

78 ಆರ್‌ಪಿಎಂ ರೆಕಾರ್ಡಿನ ಲೆಕ್ಕ ಬೇರೆ. ಅದು ಅರಗಿನದು, ಬಿದ್ದರೆ ಒಡೆಯುವುದೇ. ಡಬ್ಬದೊಳಗೆ ಡಬ್ಬ ಅನ್ನುವುದು ನಿಜವಾಗಿ ಬೇಕಾಗುವುದು ಇಲ್ಲಿ. ಒಳಗಿನ ಡಬ್ಬ ಅಲುಗಾಡಬಾರದು, ಸುತ್ತಲೂ ಎರಡು ಇಂಚಾದರೂ ಮೆತ್ತೆ ಇರಬೇಕು. ಬೆಂಕಿಪೊಟ್ಟಣದ ಲೇಬಲ್‌ಗೆ ಇದೆಲ್ಲ ಯಾಕೆ? ಕಾಗದಕ್ಕೆ ಬೇಕಾದದ್ದು ಎರಡೇ: ಮಡಚಬಾರದು, ನೆನೆಯಬಾರದು. ಎರಡು ರಟ್ಟು, ಒಂದು ಪ್ಲಾಸ್ಟಿಕ್ ಕವರ್ ಸಾಕು. ಆದರೆ ರಟ್ಟು ಇಡುವ ರೀತಿ ನೋಡಿಕೊಳ್ಳಿ. ರಟ್ಟಿನೊಳಗೆ ಅಲೆ ಅಲೆಯಾಗಿ ಗೆರೆ ಇರುತ್ತಲ್ಲ, ಒಂದರದ್ದು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರಬೇಕು. ಎರಡೂ ಒಂದೇ ಕಡೆಗಿದ್ದರೆ ಅಂಚೆ ಚೀಲದೊಳಗೆ ಆ ಗೆರೆಯ ಗುಂಟ ಮಡಚಿಕೊಳ್ಳುತ್ತೆ. ರಟ್ಟು ನಾಲ್ಕೂ ಕಡೆ ಒಳಗಿನ ಸಾಮಾನಿಗಿಂತ ಒಂದು ಬೆರಳು ದೊಡ್ಡದಿರಲಿ. ಮೂಲೆ ಬಡಿದರೂ ರಟ್ಟಿನ ಮೂಲೆ ಹೋಗುತ್ತೆ, ಸಾಮಾನಿನದ್ದು ಉಳಿಯುತ್ತೆ. ಡಬ್ಬದೊಳಗೆ ಡಬ್ಬ ಕೇಳಿದವರಿಗೆ ಹೀಗೆ ಇಟ್ಟ ಫೋಟೋ ಒಂದು ಕಳಿಸಿ ನೋಡಿ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತೆ.

ಮುಗಿಯದಿದ್ದರೆ ದುಡ್ಡಿನ ಮಾತು. ಪ್ಯಾಕಿಂಗ್ ಜಾಸ್ತಿ ಆದರೆ ಬರೀ ಡಬ್ಬದ ಖರ್ಚಲ್ಲ, ತೂಕವೂ ಏರುತ್ತೆ. ರಿಜಿಸ್ಟರ್ಡ್ ಪೋಸ್ಟ್ ಇದ್ದ ಕಾಲದ ಲೆಕ್ಕ ಮರೆತುಬಿಡಿ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದ್ದಾರೆ, ಆ ವರ್ಷದ ಅಕ್ಟೋಬರ್ 1ರಿಂದ ಹೊಸ ದರ ಬಂದಿದೆ. ಪರ ಊರಿಗೆ 50 ಗ್ರಾಂ ಒಳಗಿನ ಕವರ್‌ಗೆ 47 ರೂಪಾಯಿ, ಅದರ ಮೇಲೆ ಜಿಎಸ್‌ಟಿ. 50 ಗ್ರಾಂ ದಾಟಿತೋ, 250 ಗ್ರಾಂ ತನಕ ದೂರ ನೋಡಿ ದರ ಹಾಕುತ್ತಾರೆ. 200 ಕಿ.ಮೀ. ಒಳಗೆ 59, ಅಲ್ಲಿಂದ 500 ಕಿ.ಮೀ. ತನಕ 63, 2000 ಕಿ.ಮೀ. ದಾಟಿದರೆ 77. ನನ್ನಲ್ಲಿಂದ ಬೆಂಗಳೂರಿಗೆ ಹೋಗುವ ಕವರ್ 48 ಗ್ರಾಂ ಇದ್ದರೆ ಒಂದು ದರ, ‘ಇನ್ನೊಂದು ರಟ್ಟು ಹಾಕಿ ಸಾರ್’ ಅಂದದ್ದಕ್ಕೆ 55 ಆದರೆ 16 ರೂಪಾಯಿ ಜಾಸ್ತಿ. ನೂರು ರೂಪಾಯಿಯ ಲೇಬಲ್ ಮಾರುವಾಗ ಇದು ಸಣ್ಣದಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಇಟ್ಟುಕೊಳ್ಳಿ. ತೂಕ ನೋಡಿಯೇ ಬೆಲೆ ಹೇಳಿ.

‘ನನ್ನ ಕೈಗೇ ಕೊಡಬೇಕು, ಪಕ್ಕದ ಮನೆಯವರಿಗೆ ಕೊಡಬಾರದು’ ಅನ್ನುವವರಿಗೆ ಡಬ್ಬ ಬದಲಿಸಿ ಏನೂ ಪ್ರಯೋಜನವಿಲ್ಲ. ಅದಕ್ಕೆ ಸ್ಪೀಡ್ ಪೋಸ್ಟಿನಲ್ಲೇ ರಿಜಿಸ್ಟ್ರೇಷನ್ ಇದೆ, ಒಟಿಪಿ ಹೇಳಿದರೆ ಮಾತ್ರ ಕೊಡುವ ವ್ಯವಸ್ಥೆಯೂ ಇದೆ. ಒಂದೊಂದಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ. ಬೇಕಾ ಅಂತ ಕೇಳಿ ಸೇರಿಸಿಬಿಡಿ.

ನನ್ನ ಲಿಸ್ಟಿಂಗಿನ ಕೆಳಗೆ ಯಾವಾಗಲೂ ಇಷ್ಟು ಇರುತ್ತೆ: ‘ಎರಡು ರಟ್ಟಿನ ನಡುವೆ, ಮಳೆ ತಾಗದ ಹಾಗೆ ಪ್ಯಾಕ್ ಮಾಡಿ ಕಳಿಸುತ್ತೇನೆ. ಇದಕ್ಕೆ ಬೇರೆ ಹಣವಿಲ್ಲ. ಬೇರೆ ರೀತಿ ಬೇಕಿದ್ದರೆ ಹಣ ಕಳಿಸುವ ಮೊದಲೇ ಹೇಳಿ, ಖರ್ಚು ತಿಳಿಸುತ್ತೇನೆ.’ ಈ ‘ಮೊದಲೇ’ ಅನ್ನುವುದು ಮುಖ್ಯ. ಸೀಲ್ ಮಾಡಿ ಪೋಸ್ಟಾಫೀಸಿನ ಕ್ಯೂನಲ್ಲಿ ನಿಂತಾಗ ‘ಬಬಲ್ ರ‍್ಯಾಪ್ ಹಾಕಿದ್ರಾ?’ ಅಂತ ಬಂದರೆ ನಾನು ವಾಪಸ್ ಬರುವುದಿಲ್ಲ. ಪ್ಯಾಕ್ ಮಾಡಿದ ವಿಡಿಯೋ ಕಳಿಸುತ್ತೇನೆ, ಅಷ್ಟೇ. ವಿಡಿಯೋ ಕೇಳುವವರ ಮೇಲೆ ಕೆಲವು ಮಾರಾಟಗಾರರಿಗೆ ಸಿಟ್ಟು. ನಂಬಿಕೆ ಇಲ್ವಾ ಅಂತ. ನನಗಂತೂ ಅದು ಒಳ್ಳೆಯದೇ ಅನಿಸುತ್ತೆ. ಸಾಮಾನು ತೋರಿಸಿ, ಒಳಗೆ ಇಟ್ಟು, ಅಂಟಿಸಿ, ವಿಳಾಸ ಕಾಣುವ ತನಕ ನಿಲ್ಲಿಸದೆ ಒಂದೇ ವಿಡಿಯೋ ಮಾಡಿ. ಬುಕಿಂಗ್ ರಸೀದಿಯಲ್ಲಿ ತೂಕ ಬರುತ್ತೆ, ಅದರ ಫೋಟೋ ಸೇರಿಸಿ. ನಾಳೆ ಜಗಳ ಬಂದರೆ ಕಾಯುವುದು ಇವೆರಡೇ. ಅವರಿಗೂ ಬಿಚ್ಚುವಾಗ ವಿಡಿಯೋ ಮಾಡಿ ಅಂತ ಹೇಳಿಡಿ.

ಕವರ್ ಮೇಲೆ ಸ್ಟ್ಯಾಂಪ್ ಅಂಟಿಸಿ ಅನ್ನುವವರ ಮೇಲೆ ನನಗೆ ಪ್ರೀತಿ ಜಾಸ್ತಿ. ಅವರಿಗೆ ಒಳಗಿನ ಚೀಟಿಯ ಜೊತೆ ಹೊರಗಿನ ಲಕೋಟೆಯೂ ಸಂಗ್ರಹಕ್ಕೆ ಸೇರಿತು. ಆದರೆ ಕೌಂಟರಿನವರನ್ನು ಮೊದಲೇ ವಿಚಾರಿಸಿ. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ ‘ಸ್ವಲ್ಪ ನೀಟಾಗಿ ಮುದ್ರೆ ಹಾಕಿ ಕೊಡ್ತೀರಾ ಮೇಡಂ’ ಅಂದರೆ ನಮ್ಮಲ್ಲಿ ಹಾಕಿ ಕೊಡುತ್ತಾರೆ. ಬಾರ್‌ಕೋಡ್ ಲೇಬಲ್‌ಗೆ ಜಾಗ ಬಿಟ್ಟು ಅಂಟಿಸಿ, ಇಲ್ಲದಿದ್ದರೆ ಅದು ಹೋಗಿ ಸ್ಟ್ಯಾಂಪಿನ ಮುಖದ ಮೇಲೇ ಕೂರುತ್ತೆ. ಕೊಳ್ಳುವವರಿಗೆ ಮಾತ್ರ ‘ಮುದ್ರೆ ಹೇಗೆ ಬೀಳುತ್ತೋ ಅದು ನನ್ನ ಕೈಲಿಲ್ಲ’ ಅಂತ ಮೊದಲೇ ಹೇಳಿಬಿಡಿ.

ಅವರ ಒಳ್ಳೆಯದಕ್ಕೇ ಬೇಡ ಅನ್ನಬೇಕಾದ ಕೋರಿಕೆಗಳೂ ಇವೆ. ನಾಟಕದ ಹ್ಯಾಂಡ್‌ಬಿಲ್ಲನ್ನು ಮಡಚದೆ ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸಿ ಅಂತ ಕೇಳುತ್ತಾರೆ. ನಮ್ಮೂರ ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬಂದ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ, ಗಟ್ಟಿ ಮಾಲು. ಹೊಸ ಪೋಸ್ಟರ್‌ಗೆ ಅದು ಚೆನ್ನ. ಆದರೆ ಆ ಕಾಲದ ಅಗ್ಗದ ಕಾಗದ ಒಣಗಿ ಕಂದಾಗಿರುತ್ತೆ. ಸುತ್ತಲು ಹೋದರೆ ಹಳೇ ಮಡಿಕೆಯ ಗುಂಟ ಪಟ್ ಅಂತ ಬಿರಿಯುತ್ತೆ. ಅಂಥದ್ದನ್ನು ಹೇಗಿದೆಯೋ ಹಾಗೇ ಚಪ್ಪಟೆಯಾಗಿ ಕಳಿಸಬೇಕು. ನಾಣ್ಯವನ್ನು ಮೆತ್ತನೆಯ ಪಿವಿಸಿ ಪೌಚಿನಲ್ಲಿ ಹಾಕಿ ಅಂದರೂ ಬೇಡ ಅನ್ನಿ. ಆ ಪ್ಲಾಸ್ಟಿಕ್ ಬೆವರಿ ತಾಮ್ರದ ಮೇಲೆ ಹಸಿರು ಜಿಗುಟು ಕೂರಿಸುತ್ತೆ. ರಬ್ಬರ್ ಬ್ಯಾಂಡೂ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಗೆ ಗೋಂದಿರುವ ಹೊಸ ಅಂಚೆಚೀಟಿ ಕಳಿಸುವಾಗ ಯಾರೂ ಕೇಳದಿದ್ದರೂ ಬಟರ್ ಪೇಪರ್ ಚೀಲಕ್ಕೆ ಹಾಕಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ನಮ್ಮ ದುರ್ಗ–ದಾವಣಗೆರೆಯ ಒಣ ಹವೆಯಲ್ಲಿ ಇದು ನೆನಪಿಗೆ ಬರುವುದೇ ಇಲ್ಲ.

ಒಬ್ಬರಂತೂ ‘ದಾವಣಗೆರೆಯವರಲ್ವಾ, ಥರ್ಮಾಕೋಲ್ ಬದಲು ಮಂಡಕ್ಕಿ ತುಂಬಿ ಕಳಿಸಿ, ಪರಿಸರಕ್ಕೂ ಒಳ್ಳೇದು’ ಅಂದರು. ತಮಾಷೆ ಅಂದುಕೊಂಡರೆ ನಿಜವಾಗಿಯೂ ಕೇಳುತ್ತಿದ್ದರು. ಪಾರ್ಸೆಲ್ ಅವರನ್ನು ಮುಟ್ಟುವ ಮೊದಲೇ ಇಲಿ, ಇರುವೆ ಬಿಚ್ಚಿರುತ್ತವೆ ಅಂದೆ. ಕೊನೆಗೆ ಚೂರು ಮಾಡಿದ ಬಿಳಿ ಕಾಗದಕ್ಕೆ ಒಪ್ಪಿದರು. ಪೇಪರ್ ಅಂದಾಗ ನ್ಯೂಸ್‌ಪೇಪರ್ ಅಲ್ಲ ಮತ್ತೆ, ಅದರ ಮಸಿ ಹತ್ತುತ್ತೆ.

ಇನ್ನು ಹೊರಗೆ ಏನು ಬರೆಯಬೇಕು ಅನ್ನುವ ಕೋರಿಕೆ. ಒಳಗೆ ಏನಿದೆ ಅಂತ ಲಕೋಟೆ ಮೇಲೆ ಬರೆಯಬೇಡಿ ಅಂದರೆ ಧಾರಾಳವಾಗಿ ಒಪ್ಪಿ. ‘ಅಪರೂಪದ ವಸ್ತು’ ಅಂತ ಬರೆದು ಕಳ್ಳರನ್ನು ನಾವೇ ಯಾಕೆ ಕರೆಯಬೇಕು? ‘ಮನೆಗೆ ಬೇಡ, ಅಂಗಡಿ ವಿಳಾಸಕ್ಕೆ ಕಳಿಸಿ, ಮನೇಲಿ ಗೊತ್ತಾದ್ರೆ ಬೈತಾರೆ’ ಅನ್ನುವವರೂ ಇದ್ದಾರೆ. ಕಳಿಸಿ, ಅದು ಅವರ ಸಂಸಾರ. ಆದರೆ ಹೊರದೇಶದವರು ಕಸ್ಟಮ್ಸ್ ಫಾರಂನಲ್ಲಿ ‘ಗಿಫ್ಟ್’ ಅಂತ ಬರೆಯಿರಿ, ಬೆಲೆ ಕಡಿಮೆ ತೋರಿಸಿ ಅಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಸುಳ್ಳಿಗೆ ಸಹಿ ಹಾಕುವವರು ನೀವು. ಕಳೆದುಹೋದರೆ ಪರಿಹಾರವೂ ಬರೆದ ಬೆಲೆಗಿಂತ ಹೆಚ್ಚು ಸಿಗುವುದಿಲ್ಲ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹದಂಥ ವಸ್ತು ಆಗಿದ್ದರಂತೂ ಮಾತೇ ಬೇಡ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನಮ್ಮಂಥವರು ಅದನ್ನು ದೇಶದಿಂದ ಹೊರಗೆ ಕಳಿಸುವ ಹಾಗೇ ಇಲ್ಲ. ಹೇಗೆ ಪ್ಯಾಕ್ ಮಾಡಿದರೂ ಅಷ್ಟೇ.

ರಟ್ಟಿಗೆ ಹೆಚ್ಚು ಖರ್ಚು ಮಾಡಬೇಡಿ. ಮೆಡಿಕಲ್ ಶಾಪು, ಮೊಬೈಲ್ ಅಂಗಡಿ, ಪುಸ್ತಕದ ಅಂಗಡಿಯಲ್ಲಿ ಸಂಜೆ ಹೊತ್ತಿಗೆ ಕೇಳಿದರೆ ಒಳ್ಳೇ ಡಬ್ಬ ಸಿಗುತ್ತವೆ. ಕಿರಾಣಿ ಅಂಗಡಿಯದ್ದು ಮಾತ್ರ ಬೇಡ. ಹುಳ ಬರುತ್ತವೆ, ಖಾರದಪುಡಿ, ಊದುಬತ್ತಿ ಇದ್ದ ಡಬ್ಬದ ವಾಸನೆ ಕಾಗದಕ್ಕೆ ಹತ್ತಿದರೆ ಬಿಡುವುದೂ ಇಲ್ಲ.