ಓದುಗರ ಪ್ರಶ್ನೆ: ರೈನ್ ಸ್ಯಾಂಡ್‌ಬರ್ಗ್ ಕೆಳಗಿನ ಲೀಗ್‌ಗೆ ಯಾಕೆ ಹೋದರು?

ಪ್ರಶ್ನೆ: ಸರ್, ನನ್ನ ಮಗ ಷಿಕಾಗೋದಲ್ಲಿದ್ದಾನೆ. 2025ರ ಜುಲೈನಲ್ಲಿ ರೈನ್ ಸ್ಯಾಂಡ್‌ಬರ್ಗ್ ತೀರಿಕೊಂಡಾಗ ಅವನು ತುಂಬಾ ಬೇಜಾರು ಮಾಡಿಕೊಂಡ. ಯಾರು ಇವರು? ನನಗೆ ಬೇಸ್‌ಬಾಲ್ ಗೊತ್ತಿಲ್ಲ. (ಓದುಗರು, ದಾವಣಗೆರೆ)

ಉತ್ತರ: ಅವರು ಷಿಕಾಗೋ ಕಬ್ಸ್ ಎಂಬ ಬೇಸ್‌ಬಾಲ್ ತಂಡದ ಹೆಸರಾಂತ ಆಟಗಾರ. ಅದರ ಅಭಿಮಾನಿಗಳಿಗೆ ಅವರು ಮನೆಯವರ ಹಾಗೆಯೇ ಇದ್ದರು. ಅಲ್ಲಿ ತಂಡಗಳು ಹೊಸ ಹುಡುಗರನ್ನು ಸುತ್ತು ಸುತ್ತಾಗಿ ಸರದಿಯಲ್ಲಿ ಆರಿಸಿಕೊಳ್ಳುತ್ತವೆ. 1978ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ತಂಡ ಅವರನ್ನು ಆರಿಸಿಕೊಂಡಿತು, ಅದೂ 20ನೇ ಸುತ್ತಿನಲ್ಲಿ. ಅಂದರೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. 1982ರಲ್ಲಿ ಕಬ್ಸ್ ಜೊತೆ ಆಟಗಾರರ ಅದಲುಬದಲು ನಡೆದಾಗ, ಲ್ಯಾರಿ ಬೋವಾ ಎಂಬ ಹಿರಿಯ ಆಟಗಾರನ ಜೊತೆಗೆ ಈ ಹುಡುಗನನ್ನೂ ಬಿಟ್ಟುಕೊಟ್ಟರು. ಫಿಲೀಸ್‌ನವರು ಇವತ್ತಿಗೂ ಕೈ ಹಿಸುಕಿಕೊಳ್ಳುವ ವ್ಯಾಪಾರ ಅದು.

1984ರ ಜೂನ್ 23ರ ಪಂದ್ಯದ ಬಗ್ಗೆ ನಿಮ್ಮ ಮಗನನ್ನೇ ಕೇಳಿ, ಅರ್ಧ ಗಂಟೆ ಹೇಳುತ್ತಾನೆ. ಎದುರಾಳಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಕೊನೆಯಲ್ಲಿ ಬಂದು ಪಂದ್ಯ ಮುಗಿಸುವ ಪಿಚರ್‌ಗಳಲ್ಲಿ (ಪಿಚರ್ ಅಂದರೆ ಚೆಂಡು ಎಸೆಯುವವರು, ನಮ್ಮ ಬೌಲರ್ ಹಾಗೆ) ಆಗ ಎಲ್ಲರೂ ಹೆದರುತ್ತಿದ್ದ ಬ್ರೂಸ್ ಸಟರ್ ಆ ತಂಡದಲ್ಲಿದ್ದರು. ಬೇಸ್‌ಬಾಲ್ ಪಂದ್ಯಕ್ಕೆ 9 ಇನಿಂಗ್ಸ್, ಸ್ಕೋರ್ ಸಮವಾದರೆ ಇನ್ನೂ ಮುಂದುವರಿಯುತ್ತದೆ. 9ನೇ ಇನಿಂಗ್ಸ್‌ನಲ್ಲಿ ಸಟರ್ ಎಸೆತಕ್ಕೆ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಹಾಗೆ ಬೇಲಿಯಾಚೆಗೆ) ಹೊಡೆದು ಸ್ಯಾಂಡ್‌ಬರ್ಗ್ ಸ್ಕೋರ್ ಸಮ ಮಾಡಿದರು. 10ರಲ್ಲಿ ಕಬ್ಸ್ ಮತ್ತೆ ಹಿಂದೆ ಬಿತ್ತು, ಇಬ್ಬರು ಔಟಾಗಿದ್ದರು, ಆಗ ಅದೇ ಸಟರ್ ಎಸೆತಕ್ಕೆ ಇನ್ನೊಂದು ಹೋಮ್ ರನ್ ಹೊಡೆದು ಮತ್ತೆ ಸಮ ಮಾಡಿದರು. ಕೊನೆಗೆ ಕಬ್ಸ್ 12-11ರಿಂದ ಗೆದ್ದಿತು. ಆ ವರ್ಷ ನ್ಯಾಷನಲ್ ಲೀಗ್‌ನ (ಅಮೆರಿಕದ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಅತ್ಯುತ್ತಮ ಆಟಗಾರ ಅವರೇ. ಎರಡನೇ ಬೇಸ್ ಎಂಬ ಜಾಗದಲ್ಲಿ ಫೀಲ್ಡಿಂಗ್ ಮಾಡುತ್ತಾ ಸತತ 9 ವರ್ಷ ಗೋಲ್ಡ್ ಗ್ಲೋವ್ ಎಂಬ ಫೀಲ್ಡಿಂಗ್ ಪ್ರಶಸ್ತಿ, 1990ರಲ್ಲಿ 40 ಹೋಮ್ ರನ್, 2005ರಲ್ಲಿ ಹಾಲ್ ಆಫ್ ಫೇಮ್ ಎಂಬ ಶ್ರೇಷ್ಠರ ಸಾಲಿಗೆ ಸೇರ್ಪಡೆ.

ಪ್ರಶ್ನೆ: ಇಷ್ಟೆಲ್ಲಾ ಆದ ಮೇಲೆ ಮೈನರ್ ಲೀಗ್‌ನಲ್ಲಿ ಮ್ಯಾನೇಜರ್ ಆದರಂತೆ. ಇದು ಹಿಂಬಡ್ತಿ ಅಲ್ವಾ? (ಓದುಗರು, ಉಡುಪಿ)

ಉತ್ತರ: ಹೊರಗಿನಿಂದ ಹಾಗೆ ಕಾಣುತ್ತದೆ, ಒಪ್ಪುತ್ತೇನೆ. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ತಂಡದ ಮುಖ್ಯ ಕೋಚ್. ಎಲ್ಲಕ್ಕಿಂತ ಮೇಲಿನದು ಮೇಜರ್ ಲೀಗ್, ಅದಕ್ಕೆ ಆಟಗಾರರನ್ನು ತಯಾರು ಮಾಡುವ ಕೆಳಗಿನ ಹಂತಗಳೇ ಮೈನರ್ ಲೀಗ್. 2006ರಲ್ಲಿ ಅವರಿಗೆ ಕಬ್ಸ್ ಮ್ಯಾನೇಜರ್ ಆಗುವ ಆಸೆ ಇತ್ತು. ತಂಡ ಅನುಭವಿ ಲೂ ಪಿನೆಲ್ಲಾ ಅವರನ್ನು ಆರಿಸಿತು. ಅಷ್ಟು ದೊಡ್ಡ ಹೆಸರಿನವರು ಮುನಿಸಿಕೊಂಡು ಮನೆಯಲ್ಲಿ ಕೂರಬಹುದಿತ್ತು, ಅಥವಾ ಟಿವಿಯಲ್ಲಿ ಮಾತಾಡುತ್ತಾ ಇರಬಹುದಿತ್ತು. ಅವರು ಮಾತ್ರ 2007ರಲ್ಲಿ ಇಲಿನಾಯ್‌ನ ಪಿಯೋರಿಯಾ ಚೀಫ್ಸ್ ಎಂಬ ಕಬ್ಸ್ ಬಳಗದ ತಂಡಕ್ಕೆ ಮ್ಯಾನೇಜರ್ ಆಗಿ ಹೋದರು. ಅದು ಕ್ಲಾಸ್ ಎ, ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ಒಂದು. 20-22 ವರ್ಷದ ಹುಡುಗರು, ಊರಿಂದ ಊರಿಗೆ ಗಂಟೆಗಟ್ಟಲೆ ಬಸ್ ಪ್ರಯಾಣ, ಕಡಿಮೆ ಸಂಬಳ, ಸಣ್ಣ ಮೈದಾನ.

ಅಲ್ಲಿನ ಮ್ಯಾನೇಜರ್ ಕೆಲಸವೇ ಬೇರೆ. ಗೆಲ್ಲಬೇಕು ನಿಜ, ಆದರೆ ಅದಕ್ಕಿಂತ ಮುಖ್ಯ ಮೇಲಿನ ತಂಡಕ್ಕೆ ಆಟಗಾರರನ್ನು ಬೆಳೆಸಿ ಕೊಡುವುದು. ಒಬ್ಬ ಹುಡುಗ ಚೆನ್ನಾಗಿ ಆಡಿ ತಂಡವನ್ನು ಗೆಲ್ಲಿಸಲು ಶುರು ಮಾಡಿದ ಕೂಡಲೇ ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ, ಮ್ಯಾನೇಜರ್ ಉಳಿದವರನ್ನು ಇಟ್ಟುಕೊಂಡು ನಾಳೆಯ ಪಂದ್ಯ ಆಡಿಸಬೇಕು. ಪಿಚರ್ ಎಷ್ಟು ಎಸೆತ ಹಾಕಬೇಕು ಅನ್ನುವುದೂ ಎಷ್ಟೋ ಸಲ ಮೇಲಿನಿಂದಲೇ ನಿರ್ಧಾರವಾಗಿರುತ್ತದೆ. ಮನೆ ಬಿಟ್ಟು ಬಂದ ಹುಡುಗನಿಗೆ ಧೈರ್ಯ ಹೇಳುವುದು, ‘ನಿನ್ನನ್ನು ತಂಡದಿಂದ ಬಿಡುಗಡೆ ಮಾಡಿದ್ದಾರೆ’ ಅಂತ ಕೆಲವರಿಗೆ ಹೇಳುವುದು, ಎಲ್ಲ ಅವರ ತಲೆ ಮೇಲೆಯೇ. ಈ ಕೆಲಸವನ್ನು ದೊಡ್ಡ ಆಟಗಾರರಲ್ಲಿ ಬಹಳ ಜನ ಮಾಡುವುದಿಲ್ಲ. ಅದಕ್ಕೇ ಸ್ಯಾಂಡ್‌ಬರ್ಗ್ ಬಗ್ಗೆ ನನಗೆ ಅವರ ಹೋಮ್ ರನ್‌ಗಳಿಗಿಂತ ಈ ಕಾರಣಕ್ಕೆ ಗೌರವ ಜಾಸ್ತಿ.

2009ರಲ್ಲಿ ಡಬಲ್ ಎ ಮಟ್ಟದ ಟೆನಿಸ್ಸೀ, 2010ರಲ್ಲಿ ಟ್ರಿಪಲ್ ಎ ಮಟ್ಟದ (ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ) ಅಯೋವಾ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಅಯೋವಾದಲ್ಲಿ ಆ ಲೀಗ್‌ನ ವರ್ಷದ ಮ್ಯಾನೇಜರ್ ಪ್ರಶಸ್ತಿಯೂ ಬಂತು.

ಪ್ರಶ್ನೆ: ಹಾಗಾದರೆ ಕಬ್ಸ್ ಮ್ಯಾನೇಜರ್ ಆದರಾ? (ಓದುಗರು, ಬೆಂಗಳೂರು)

ಉತ್ತರ: ಇಲ್ಲ. 2010ರಲ್ಲಿ ಪಿನೆಲ್ಲಾ ಹೋದ ಮೇಲೆ ಆ ಹುದ್ದೆ ಮೈಕ್ ಕ್ವೇಡ್‌ಗೆ ಸಿಕ್ಕಿತು. ನನಗೆ ಇದು ಈಗಲೂ ಸರಿ ಅನ್ನಿಸುವುದಿಲ್ಲ. ಹೇಳಿದ ಮೆಟ್ಟಿಲನ್ನೆಲ್ಲ ಹತ್ತಿದವರಿಗೆ ಒಂದು ಅವಕಾಶ ಕೊಡಬೇಕಿತ್ತು. ಸ್ಯಾಂಡ್‌ಬರ್ಗ್ ತಮ್ಮನ್ನು ಮೊದಲು ಆರಿಸಿದ ಫಿಲೀಸ್ ಬಳಗಕ್ಕೇ ವಾಪಸ್ ಹೋದರು, ಮತ್ತೆ ಟ್ರಿಪಲ್ ಎ, ಲೀಹೈ ವ್ಯಾಲಿ ಐರನ್‌ಪಿಗ್ಸ್. 2011ರಲ್ಲಿ ಆ ತಂಡ ಮೊದಲ ಸಲ ಪ್ಲೇ ಆಫ್ ತಲುಪಿತು.

ಪ್ರಶ್ನೆ: ಮೇಜರ್ ಲೀಗ್‌ನಲ್ಲಿ ಮ್ಯಾನೇಜರ್ ಆಗಿ ಅವರು ಸೋತರಂತೆ, ನಿಜವಾ? (ಓದುಗರು, ಹುಬ್ಬಳ್ಳಿ)

ಉತ್ತರ: ಲೆಕ್ಕ ಹಾಗೇ ಹೇಳುತ್ತದೆ. 2013ರ ಆಗಸ್ಟ್‌ನಲ್ಲಿ ಫಿಲೀಸ್ ಅವರಿಗೆ ತಂಡ ವಹಿಸಿತು, 2015ರ ಜೂನ್‌ನಲ್ಲಿ ಅವರೇ ರಾಜೀನಾಮೆ ಕೊಟ್ಟರು. 119 ಗೆಲುವು, 159 ಸೋಲು. ಆದರೆ ಅವರ ಕೈಗೆ ಬಂದದ್ದು 2008ರಲ್ಲಿ ಚಾಂಪಿಯನ್ ಆಗಿ, ಅದೇ ಆಟಗಾರರು ವಯಸ್ಸಾಗಿ ದಣಿದಿದ್ದ ತಂಡ. ಅದನ್ನು ಯಾರು ನಡೆಸಿದ್ದರೂ ಜಾಸ್ತಿ ಬದಲಾಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಅವರ ಸ್ವಭಾವಕ್ಕೆ ಹೊಂದುತ್ತಿದ್ದದ್ದು ಕಲಿಯಲು ಬಂದ ಹುಡುಗರ ತಂಡ. ಹೆಸರು ಮಾಡಿ ಆಗಿದ್ದ ಹಿರಿಯರಿಗೆ ಮೊದಲಿನಿಂದ ಹೇಳಿಕೊಡುವುದು ಅವರಿಗೆ ಕಷ್ಟವಾಯಿತು.